ಪಕ್ಕದ ಹೊಲ ಯಾರದು? ಯುನಿಕ್ಸ್ ರೂಟ್ ಹಿಗ್ಗಿದ ಐವತ್ತು ವರ್ಷದ ಕಥೆ

ಗುಂಡ್ಲುಪೇಟೆ ತಾಲ್ಲೂಕು ಕಚೇರಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಪೋಡಿ ಅನ್ನುವ ಮಾತು ಹತ್ತು ಸಲ ಕಿವಿಗೆ ಬೀಳುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನ ಉಳುತ್ತಿರುತ್ತಾರೆ. ಯಾರ ಪಾಲು ಎಲ್ಲಿಂದ ಎಲ್ಲಿಗೆ ಎಂದು ಅಳೆದು, ಹಿಸ್ಸಾ ನಂಬರ್ ಕೊಟ್ಟು, ಕಲ್ಲು ನೆಟ್ಟು, ಪಹಣಿ ಬೇರೆ ಮಾಡುವುದೇ ಪೋಡಿ. ಕಂಪ್ಯೂಟರಿನ ಡಿಸ್ಕಿನಲ್ಲೂ ಇದೇ ಕೆಲಸ ನಡೆಯುತ್ತದೆ, ಅಲ್ಲಿ ಅದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಪಾರ್ಟಿಷನ್ನಿಗಿಂತ ಪೋಡಿಯೇ ಹತ್ತಿರ. ಆದ್ದರಿಂದ ಈ ಸಲದ ಚರಿತ್ರೆಯನ್ನು ಹೊಲದ ಭಾಷೆಯಲ್ಲೇ ಹೇಳುತ್ತೇವೆ.

ಊರು ಕೇರಿ ಬಿಟ್ಟು ಸರ್ವರಿನ ಚರಿತ್ರೆ ಯಾಕೆ ಎಂದು ಕೇಳಬಹುದು. ನಮ್ಮ ಗುಂಪಿನ ವರದಿ, ಫೋಟೊ, ಧ್ವನಿಮುದ್ರಣ ಎಲ್ಲವೂ ಬಾಡಿಗೆಗೆ ಹಿಡಿದ ಒಂದು ಸಣ್ಣ ಲಿನಕ್ಸ್ ಸರ್ವರಿನಲ್ಲಿವೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಮ್ಲಜನಕ ದುರಂತದಲ್ಲಿ ಮನೆಯವರನ್ನು ಕಳೆದುಕೊಂಡವರು ಹೇಳಿದ ಮಾತುಗಳು ಅದರಲ್ಲಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಅರಣ್ಯ ಹಕ್ಕಿನ ಬಗ್ಗೆ ಕೇಳಿ ಬರೆದುಕೊಂಡದ್ದಿದೆ. 2009ರಲ್ಲಿ ಶುರುವಾದ ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಬಗ್ಗೆ ಲಾರಿಯವರೂ ಅರಣ್ಯದವರೂ ಆಡಿದ ಮಾತಿದೆ. ಮಾತಾಡಿದ ಹಿರಿಯರಲ್ಲಿ ಕೆಲವರು ಈಗ ಇಲ್ಲ, ಮತ್ತೆ ಹೋಗಿ ಕೇಳಲು ಆಗುವುದಿಲ್ಲ. ಅಂಥ ಸರ್ವರಿನ ರೂಟ್ ತುಂಬಿತು. ಅದನ್ನು ಹಿಗ್ಗಿಸುವ ಮೊದಲು, ಈ ಕೆಲಸವನ್ನು ಯಾರು ಯಾರು ಹೇಗೆ ಮಾಡಿಕೊಂಡು ಬಂದರು ಎಂದು ಓದಲು ಕೂತೆವು. ಓದಿದ್ದು ಇಷ್ಟು ಉದ್ದವಾಯಿತು.

ಮೊದಲು ರೂಟ್ ಅಂದರೆ ಏನು ನೋಡೋಣ. ವಿಂಡೋಸಿನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂದು ಬೇರೆ ಬೇರೆ ಮನೆಗಳಿರುತ್ತವೆ. ಯುನಿಕ್ಸಿನಲ್ಲಿ ಹಾಗಿಲ್ಲ, ಎಲ್ಲವೂ ಒಂದೇ ಮರ. ಎಷ್ಟು ಡಿಸ್ಕು ಹಾಕಿದರೂ ಅವು ಆ ಮರದ ಯಾವುದೋ ಕೊಂಬೆಗೆ ಕಸಿ ಕಟ್ಟಿದಂತೆ ಸೇರಿಕೊಳ್ಳುತ್ತವೆ. ಮರದ ಬುಡವೇ ರೂಟ್. ಬರೆಯುವಾಗ ಒಂದೇ ಒಂದು ಓರೆಗೆರೆ. ಯಂತ್ರ ಎದ್ದ ಕೂಡಲೇ ಮೊದಲು ಹುಡುಕುವುದು ಇದನ್ನು, ಆರುವಾಗ ಕೊನೆಗೆ ಬಿಡುವುದೂ ಇದನ್ನೇ. ಇದು ತುಂಬಿದರೆ ಲಾಗ್ ಬರೆಯಲು ಜಾಗವಿಲ್ಲ, ಡೇಟಾಬೇಸ್ ನಿಂತುಹೋಗುತ್ತದೆ, ಕೆಲವು ಸಲ ಒಳಗೆ ಲಾಗಿನ್ ಆಗುವುದೂ ಕಷ್ಟ. ಬೇರೆ ಡಿಸ್ಕಾದರೆ ಬಿಚ್ಚಿ ಪಕ್ಕಕ್ಕಿಟ್ಟು ರಿಪೇರಿ ಮಾಡಬಹುದು. ರೂಟನ್ನು ಬಿಚ್ಚುವ ಆಜ್ಞೆಯೂ ರೂಟಿನ ಮೇಲೆಯೇ ಇರುತ್ತದೆ. ಕೂತ ಕೊಂಬೆಯನ್ನೇ ಕಡಿಯುವ ಪ್ರಸಂಗ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಜೊತೆಗಾರರು ಪಿಡಿಪಿ-7 ಎಂಬ ಹಳೆಯ ಯಂತ್ರದ ಮೇಲೆ ಯುನಿಕ್ಸ್ ಶುರು ಮಾಡಿದರು. ಮುಂದೆ ಸಿಕ್ಕಿದ ಪಿಡಿಪಿ-11 ಯಂತ್ರದಲ್ಲಿ 24 ಕಿಲೋಬೈಟ್ ಮೆಮೊರಿ, 512 ಕಿಲೋಬೈಟ್ ಡಿಸ್ಕ್ ಇತ್ತು ಎಂದು ರಿಚಿ ಬರೆದಿದ್ದಾರೆ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಚೆಂಡುಹೂವಿನ ಹೊಲದ ಫೋಟೊ ಆ ಡಿಸ್ಕಿಗೆ ಹಿಡಿಸುವುದಿಲ್ಲ. ಅಷ್ಟರಲ್ಲೇ ಅವರು ಒಂದಿಡೀ ಕಾರ್ಯವ್ಯವಸ್ಥೆ ಕಟ್ಟಿ, ಕಚೇರಿಯ ಪೇಟೆಂಟ್ ವಿಭಾಗಕ್ಕೆ ಟೈಪಿಂಗ್ ಕೆಲಸವನ್ನೂ ಮಾಡಿಕೊಟ್ಟರು.

ಜಾಗ ಸಾಲದೇ ಹೋದಾಗ ಅವರು ರೂಟನ್ನು ಹಿಗ್ಗಿಸಲಿಲ್ಲ, ಹಿಗ್ಗಿಸುವ ದಾರಿಯೇ ಇರಲಿಲ್ಲ. ಇನ್ನೊಂದು ಡಿಸ್ಕ್ ತಂದು ಕಸಿ ಕಟ್ಟಿದರು. ಬಳಸುವವರ ಕಡತಗಳಿಗೆಂದು ಇದ್ದ ಆ ಡಿಸ್ಕಿನ ಹೆಸರು ಯುಎಸ್ಆರ್. ಆಜ್ಞೆಗಳೆಲ್ಲ ಇರಬೇಕಾದ ಬಿನ್ ಎಂಬ ಕೋಣೆ ರೂಟಿನಲ್ಲಿತ್ತು. ಅದು ತುಂಬಿ ಉಕ್ಕಿದಾಗ ಉಳಿದ ಆಜ್ಞೆಗಳನ್ನು ಯುಎಸ್ಆರ್ ಒಳಗೆ ಇನ್ನೊಂದು ಬಿನ್ ಮಾಡಿ ಅಲ್ಲಿ ಇಟ್ಟರು. ಆಮೇಲೆ ಒಂದು ಕಟ್ಟುಪಾಡು ತಾನಾಗಿ ಬಂತು. ಎರಡನೇ ಡಿಸ್ಕನ್ನು ಜೋಡಿಸುವ ಮೌಂಟ್ ಆಜ್ಞೆ ಆ ಎರಡನೇ ಡಿಸ್ಕಿನಲ್ಲೇ ಇದ್ದರೆ ಅದನ್ನು ತೆರೆಯುವುದು ಹೇಗೆ? ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಹೀಗಾಗಿ ಯಂತ್ರ ಏಳಲು ಬೇಕಾದದ್ದಷ್ಟೇ ರೂಟಿನಲ್ಲಿ, ಉಳಿದದ್ದೆಲ್ಲ ಆಚೆ ಎಂಬ ಪದ್ಧತಿ ಬೆಳೆಯಿತು.

ಡಿಸ್ಕು ದೊಡ್ಡದಾಗಿ ಆ ಇಕ್ಕಟ್ಟು ಮುಗಿದ ಮೇಲೂ ಪದ್ಧತಿ ಉಳಿಯಿತು. 1994ರಲ್ಲಿ ಲಿನಕ್ಸಿನವರು ಯಾವ ಕಡತ ಎಲ್ಲಿರಬೇಕು ಎಂದು ನಿಯಮಾವಳಿ ಬರೆದಾಗ ಎರಡು ಬಿನ್ನುಗಳಿಗೂ ಕಾರಣ ಕೊಟ್ಟರು. 2012ರಲ್ಲಿ ಫೆಡೋರಾ 17 ಬಂದಾಗ ಹಳೆಯ ಬಿನ್ ಬರೀ ಒಂದು ತೋರುಕಂಬವಾಯಿತು, ಎಲ್ಲವೂ ಯುಎಸ್ಆರ್ ಒಳಗೆ ಸೇರಿತು. ಉಳಿದ ಲಿನಕ್ಸ್‌ಗಳಲ್ಲಿ ಬಹುಪಾಲು ಅದೇ ದಾರಿ ಹಿಡಿದವು. ಅಣ್ಣ ತಮ್ಮ ಪಾಲಾಗಿ, ನಲವತ್ತು ವರ್ಷ ಬೇರೆ ಒಲೆ ಹೂಡಿ, ಮೊಮ್ಮಕ್ಕಳ ಕಾಲಕ್ಕೆ ಗೋಡೆ ಒಡೆದುಕೊಂಡ ಹಾಗೆ. ಪಾಲಾಗಲು ಕಾರಣ ಜಗಳವಲ್ಲ, ಮನೆ ಚಿಕ್ಕದಿತ್ತು ಅಷ್ಟೆ.

1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಬಂತು. ಅದರ ಕಡತ ವ್ಯವಸ್ಥೆಯನ್ನು ಹೊಸದಾಗಿ ಬರೆದವರಲ್ಲಿ ಮುಖ್ಯರು ಕರ್ಕ್ ಮೆಕ್‌ಕ್ಯೂಸಿಕ್. ಡಿಸ್ಕು ಪೂರ್ತಿ ತುಂಬಿದರೆ ಕಡತಗಳು ಚೂರು ಚೂರಾಗಿ ಹರಡಿ ಯಂತ್ರ ನಿಧಾನವಾಗುತ್ತದೆ ಎಂದು ಅವರು ನೂರಕ್ಕೆ ಹತ್ತರಷ್ಟು ಜಾಗವನ್ನು ಖಾಲಿಯೇ ಬಿಡುವ ಏರ್ಪಾಡು ಮಾಡಿದರು. ಆ ಪಾಲನ್ನು ಮುಟ್ಟುವ ಅಧಿಕಾರ ಆಡಳಿತಗಾರನಿಗೆ ಮಾತ್ರ. ಲಿನಕ್ಸಿನ ಎಕ್ಸ್ಟ್ ಕುಟುಂಬದಲ್ಲಿ ಅದು ನೂರಕ್ಕೆ ಐದು. ಕೆರೆ ಏರಿಗೂ ಕೋಡಿಗೂ ನಡುವೆ ಬಿಡುವ ಎತ್ತರದಂತೆ ಇದು. ಸುವರ್ಣಾವತಿ ಜಲಾಶಯವಾಗಲಿ ಊರ ಮುಂದಿನ ಕಟ್ಟೆಯಾಗಲಿ, ನೀರು ಏರಿಯ ತಲೆಯವರೆಗೆ ನಿಲ್ಲುವಂತೆ ಯಾರೂ ಕಟ್ಟುವುದಿಲ್ಲ. ಡಿಸ್ಕಿನ ಲೆಕ್ಕ ತೋರಿಸುವ ಡಿಎಫ್ ಎಂಬ ಆಜ್ಞೆ ಕೊಟ್ಟಾಗ, ಬಳಸಿದ್ದು ಉಳಿದದ್ದು ಎರಡನ್ನೂ ಕೂಡಿದರೆ ಒಟ್ಟು ಮೊತ್ತಕ್ಕೆ ಸರಿಹೋಗುವುದಿಲ್ಲ. ವ್ಯತ್ಯಾಸದ ಬಹುಪಾಲು ಈ ಕಾದಿಟ್ಟ ಪಾಲು, ಕಳವಲ್ಲ.

ಆದರೆ ಹಿಗ್ಗಿಸುವ ಕೆಲಸಕ್ಕೆ ಅದೇ ಬರ್ಕ್ಲಿ ಯುನಿಕ್ಸ್ ಒಂದು ತೊಡಕನ್ನೂ ಬಿಟ್ಟುಹೋಯಿತು. ಡಿಸ್ಕಿನ ಪಾಲುಗಳಿಗೆ ಎ, ಬಿ, ಸಿ ಎಂದು ಅಕ್ಷರ. ಎ ಅಂದರೆ ರೂಟ್. ಬಿ ಅಂದರೆ ಸ್ವಾಪ್, ಮೆಮೊರಿ ಸಾಲದಾಗ ಸಾಮಾನು ಇಳಿಸಿಡುವ ಜಾಗ. ಎ ಮುಗಿದಲ್ಲೇ ಬಿ ಶುರು. ಪಾಲು ಹಿಗ್ಗಬೇಕಾದರೆ ಅದರ ಕೊನೆಗೆ ಅಂಟಿಕೊಂಡ ಜಾಗ ಖಾಲಿ ಇರಬೇಕು, ದೂರದಲ್ಲಿ ಎಲ್ಲೋ ಖಾಲಿ ಇದ್ದರೆ ಆಗದು. ಪಕ್ಕದ ಹೊಲ ಬೇರೆಯವರ ಹೆಸರಿನಲ್ಲಿದ್ದರೆ ನಿಮ್ಮ ಕಲ್ಲನ್ನು ಅತ್ತ ಸರಿಸಲು ಆಗುತ್ತದೆಯೇ?

ಹಾಗಾಗಿ ಆ ಕಾಲದ ಸುರಕ್ಷಿತ ದಾರಿ ಒಂದೇ. ಬಳಸುವವರನ್ನೆಲ್ಲ ಹೊರಗೆ ಕಳಿಸಿ ಯಂತ್ರವನ್ನು ಒಬ್ಬನೇ ಕೂರುವ ಸ್ಥಿತಿಗೆ ತರುವುದು. ಡಂಪ್ ಆಜ್ಞೆಯಿಂದ ರೂಟನ್ನು ಪೂರ್ತಿ ಟೇಪಿಗೆ ಇಳಿಸುವುದು. ಆ ಟೇಪನ್ನು ಓದಿ ನೋಡುವುದು. ಆಮೇಲೆ ಬೇರೆ ಟೇಪಿನಿಂದಲೋ ಫ್ಲಾಪಿಯಿಂದಲೋ ಯಂತ್ರ ಎಬ್ಬಿಸಿ, ಡಿಸ್ಕನ್ನು ಹೊಸದಾಗಿ ಪಾಲು ಮಾಡಿ, ಹೊಸ ಕಡತ ವ್ಯವಸ್ಥೆ ಬರೆದು, ಟೇಪಿನಿಂದ ಎಲ್ಲವನ್ನೂ ವಾಪಸು ತುಂಬುವುದು. ಮನೆ ಕೆಡವಿ, ಸಾಮಾನು ಛತ್ರದಲ್ಲಿಟ್ಟು, ಅದೇ ನಿವೇಶನದಲ್ಲಿ ದೊಡ್ಡದಾಗಿ ಕಟ್ಟಿಕೊಂಡ ಹಾಗೆ. ಟೇಪು ಕೈಕೊಟ್ಟರೆ ನಿವೇಶನ ಮಾತ್ರ ಉಳಿಯುತ್ತದೆ.

ನಮ್ಮ ಕಡೆಗೂ ಯುನಿಕ್ಸ್ ಬಂದದ್ದು ಇದೇ ಅವಧಿಯಲ್ಲಿ, ಬ್ಯಾಂಕಿನ ಬಾಗಿಲಿನಿಂದ. ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಬ್ಯಾಂಕುಗಳ ಗಣಕೀಕರಣದ ಬಗ್ಗೆ ವರದಿ ಕೊಟ್ಟ ಮೇಲೆ ಬ್ಯಾಂಕುಗಳು ಕೊಂಡ ಯಂತ್ರಗಳಲ್ಲಿ ಯುನಿಕ್ಸ್‌ಗೆ ದೊಡ್ಡ ಜಾಗ ಸಿಕ್ಕಿತು. ಚಾಮರಾಜನಗರ ಆಗ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು, ಜಿಲ್ಲೆಯಾದದ್ದು 1997ರಲ್ಲಿ. ಅದೂ ಒಂದು ಪೋಡಿಯೇ ಅನ್ನಿ. ಅದರೊಳಗೆ ಬಂದ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ಖಾತೆಯಲ್ಲಿತ್ತು. ಕಲ್ಲು ಎಷ್ಟು ಸಲ ಸರಿದರೂ ಮಣ್ಣು ಅಲ್ಲೇ ಇರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಡ.

ತೊಂಬತ್ತರ ದಶಕದಲ್ಲಿ ಬ್ಯಾಂಕು ಮತ್ತು ಜೀವವಿಮಾ ಕಚೇರಿಗಳ ಕೌಂಟರಿನಲ್ಲಿ ಕಪ್ಪು ಪರದೆ, ಅದರ ಮೇಲೆ ಹಸಿರೋ ಬಿಳಿಯೋ ಅಕ್ಷರ ನೋಡಿದ ನೆನಪು ನಿಮಗೂ ಇರಬಹುದು. ಅಂಥ ಎಷ್ಟೋ ಪರದೆಗಳ ಹಿಂದೆ ಎಸ್‌ಸಿಒ ಯುನಿಕ್ಸ್ ಇತ್ತು. ಅದರಲ್ಲಿ ಡಿಸ್ಕನ್ನು ಪಾಲು ಮಾಡುವ ಆಜ್ಞೆಯ ಹೆಸರು ಡಿವ್ವಿ, ಇಂಗ್ಲಿಷ್ ಆಡುಮಾತಿನಲ್ಲಿ ಹಂಚಿಕೊಳ್ಳುವುದು ಎಂದರ್ಥ. ರೂಟಿಗೆ ಎಷ್ಟು ಎಂದು ಇನ್‌ಸ್ಟಾಲ್ ಮಾಡುವ ದಿನವೇ ಹೇಳಬೇಕು. ಆ ದಿನ ಹೇಳಿದ ಅಂಕಿ ಕಡಿಮೆಯಾದರೆ ಮತ್ತೆ ಟೇಪು, ಮತ್ತೆ ಇನ್‌ಸ್ಟಾಲ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಲ್ಲಿ ಹಾಸಿಗೆಯನ್ನೇ ಉದ್ದ ಮಾಡುವ ಮಾತಿಲ್ಲ. ಆ ಕಾಲದ ಯುನಿಕ್ಸಿನಲ್ಲೂ ಇರಲಿಲ್ಲ.

ನಮ್ಮ ಹಳ್ಳಿಗಳವರಿಗೆ ಕಂಪ್ಯೂಟರ್ ಎಂದರೆ ಮೊದಲು ನೆನಪಾಗುವುದು ಭೂಮಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತುಂಬಿ, 15 ರೂಪಾಯಿಗೆ ಪ್ರಿಂಟ್ ಕೊಟ್ಟ ಯೋಜನೆ. ಅಂದಿನ ತಾಲ್ಲೂಕು ಸರ್ವರಿನಲ್ಲಿದ್ದದ್ದು ವಿಂಡೋಸ್, ಯುನಿಕ್ಸಲ್ಲ. ಹಾಗಾಗಿ ಅದರ ಕಥೆ ಇಲ್ಲಿ ಬೇಡ, ಇನ್ನೊಮ್ಮೆ ಬರೆಯುತ್ತೇವೆ.

ತಿರುವು ಬಂದದ್ದು 1990ರಲ್ಲಿ. ಐಬಿಎಂ ತನ್ನ ಆರ್‌ಎಸ್/6000 ಯಂತ್ರಗಳ ಜೊತೆ ಎಐಎಕ್ಸ್ ಮೂರನೇ ಆವೃತ್ತಿಯನ್ನು ತಂದಿತು. ಅದರಲ್ಲಿ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್ ಇತ್ತು. ಹೊಲದ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಒಬ್ಬ ರೈತನಿಗೆ ಊರ ಪಡುವಣದಲ್ಲಿ ಎರಡು ಎಕರೆ, ಮೂಡಣದಲ್ಲಿ ಒಂದು, ಕೆರೆ ಹಿಂದೆ ಅರ್ಧ ಎಕರೆ. ಖಾತೆ ಮಾತ್ರ ಒಂದೇ, ಮೂರೂವರೆ ಎಕರೆ ಎಂದೇ ಲೆಕ್ಕ. ಎಲ್‌ವಿಎಂ ಡಿಸ್ಕನ್ನು ಸಮನಾದ ಸಣ್ಣ ತುಂಡುಗಳಾಗಿ ಮಾಡಿ, ಯಾವ ತುಂಡು ಯಾವ ಖಾತೆಗೆ ಎಂದು ಪಟ್ಟಿ ಇಡುತ್ತದೆ. ತುಂಡುಗಳು ಅಕ್ಕಪಕ್ಕ ಇರಬೇಕಿಲ್ಲ, ಒಂದೇ ಡಿಸ್ಕಿನಲ್ಲಿಯೂ ಇರಬೇಕಿಲ್ಲ. ಪಕ್ಕದ ಹೊಲ ಯಾರದು ಎಂಬ ಹಳೆಯ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು. ಎಐಎಕ್ಸಿನಲ್ಲಿ ಯಂತ್ರ ಓಡುತ್ತಿರುವಾಗಲೇ, ಜನ ಕೆಲಸ ಮಾಡುತ್ತಿರುವಾಗಲೇ ರೂಟನ್ನು ಹಿಗ್ಗಿಸಬಹುದಿತ್ತು. ಈ ಇಡೀ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಆದರೆ ಆ ಯಂತ್ರ ಕೊಳ್ಳುವ ಶಕ್ತಿ ಎಷ್ಟು ಜನಕ್ಕಿತ್ತು? ಬಡವರ ಮನೆಗೆ ಅದು ಬರಲು ಇನ್ನೂ ಎಂಟು ವರ್ಷ ಬೇಕಾಯಿತು. ಜರ್ಮನಿಯ ಹೈಂಜ್ ಮೌಲ್ಸ್‌ಹಾಗೆನ್ 1998ರ ಸುಮಾರಿಗೆ ಲಿನಕ್ಸಿಗೆ ಎಲ್‌ವಿಎಂ ಬರೆದರು. 2001ರ ಜನವರಿಯಲ್ಲಿ ಬಂದ 2.4 ಕರ್ನಲ್ಲಿನಲ್ಲಿ ಅದು ಸೇರಿತು.

ಖಾತೆ ದೊಡ್ಡದಾದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಹೊಸದಾಗಿ ಸೇರಿದ ಜಾಗವನ್ನು ಉತ್ತು ಸಾಲು ಹೊಡೆಯುವುದು ಬೇರೆ ಕೆಲಸ, ಅದು ಕಡತ ವ್ಯವಸ್ಥೆಗೆ ಸೇರಿದ್ದು. ಎಕ್ಸ್ಟ್2 ವ್ಯವಸ್ಥೆಗೆ ರೀಸೈಜ್2ಎಫ್‌ಎಸ್ ಎಂಬ ಸಲಕರಣೆಯನ್ನು ಥಿಯೊಡೋರ್ ಚೋ ಬರೆದರು. ಮೊದಮೊದಲು ಡಿಸ್ಕನ್ನು ಬಿಚ್ಚಿಟ್ಟೇ ಮಾಡಬೇಕಿತ್ತು. ರೂಟನ್ನು ಬಿಚ್ಚಲಾಗದ್ದರಿಂದ ಸಿಡಿಯಿಂದ ಯಂತ್ರ ಎಬ್ಬಿಸಿ ಮಾಡುತ್ತಿದ್ದರು. 2004ರ ಕೊನೆಯಲ್ಲಿ ಬಂದ 2.6.10 ಕರ್ನಲ್ಲಿನಿಂದ ಎಕ್ಸ್ಟ್3 ಓಡುತ್ತಿರುವಾಗಲೇ ಹಿಗ್ಗತೊಡಗಿತು. ಅದು ಹೇಗೆ ಸಾಧ್ಯವಾಯಿತು ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಕಡತ ವ್ಯವಸ್ಥೆಯ ಆರಂಭದಲ್ಲಿ ಡಿಸ್ಕಿನ ಗುಂಪುಗಳ ಪಟ್ಟಿ ಇರುತ್ತದೆ, ಡಿಸ್ಕು ದೊಡ್ಡದಾದರೆ ಪಟ್ಟಿಯೂ ಉದ್ದವಾಗಬೇಕು. ಪಟ್ಟಿಯ ಹಿಂದೆಯೇ ಕಡತಗಳು ಕೂತಿದ್ದರೆ ಜಾಗವೆಲ್ಲಿ? ಅದಕ್ಕೆ ಪಟ್ಟಿ ಬರೆಯುವ ಮೊದಲ ದಿನವೇ ಅದರ ಹಿಂದೆ ಖಾಲಿ ಹಾಳೆ ಬಿಟ್ಟರು. ಮೊದಲಿನ ಗಾತ್ರದ ಸುಮಾರು ಸಾವಿರ ಪಟ್ಟು ಬೆಳೆಯುವವರೆಗೆ ಸಾಲುವಷ್ಟು ಹಾಳೆ. ಹಳೆಯ ಶಾನುಭೋಗರು ಖಾತೆ ಪುಸ್ತಕದಲ್ಲಿ ಪ್ರತಿ ಮನೆತನದ ಕೆಳಗೆ ನಾಲ್ಕು ಸಾಲು ಬಿಟ್ಟು ಬರೆದಂತೆ.

ಎಲ್‌ವಿಎಂ ಇಲ್ಲದ ಯಂತ್ರಗಳಲ್ಲಿ ಕಲ್ಲು ಸರಿಸುವ ಕೆಲಸ ಬಹಳ ದಿನ ಭಯದ್ದಾಗಿಯೇ ಉಳಿಯಿತು. ಎಫ್‌ಡಿಸ್ಕ್ ಆಜ್ಞೆಯಲ್ಲಿ ಪಾಲನ್ನು ಹಿಗ್ಗಿಸು ಎಂಬ ಮಾತೇ ಇರಲಿಲ್ಲ. ಇದ್ದ ಪಾಲನ್ನು ಪಟ್ಟಿಯಿಂದ ಅಳಿಸಿ, ಅದೇ ಜಾಗದಿಂದ ಶುರುವಾಗುವಂತೆ ದೊಡ್ಡದಾಗಿ ಮತ್ತೆ ಬರೆಯಬೇಕು. ಅಳಿಸುವುದು ಪಟ್ಟಿಯ ಸಾಲನ್ನು ಮಾತ್ರ, ಒಳಗಿನ ಬೆಳೆ ಹಾಗೇ ಇರುತ್ತದೆ. ಪಹಣಿ ಹರಿದರೆ ಹೊಲ ಮಾಯವಾಗುವುದಿಲ್ಲವಲ್ಲ. ಅಪಾಯ ಇದ್ದದ್ದು ಶುರುವಿನ ಕಲ್ಲಿನಲ್ಲಿ. ಹಳೆಯ ಎಫ್‌ಡಿಸ್ಕ್ ಮೊದಲ ಪಾಲನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತಿತ್ತು, ಹೊಸದು 2048ರಿಂದ. ಹಳೆಯ ಯಂತ್ರದಲ್ಲಿ ಹೊಸ ಸಲಕರಣೆ ಹಿಡಿದು, ಅದು ತಾನಾಗಿ ತೋರಿಸಿದ ಅಂಕಿಗೆ ಎಂಟರ್ ಒತ್ತಿದರೆ ಕಲ್ಲು ತಪ್ಪಿದ ಜಾಗಕ್ಕೆ ಬೀಳುತ್ತದೆ, ರೂಟ್ ಸಿಗುವುದೇ ಇಲ್ಲ. ಬಲ್ಲವರು ಮೊದಲು ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಈಗಲೂ ಅದು ಒಳ್ಳೆಯ ಅಭ್ಯಾಸ.

ಬಾಡಿಗೆ ಸರ್ವರುಗಳ ಕಾಲದಲ್ಲಿ ಗ್ರೋಪಾರ್ಟ್ ಎಂಬ ಸಣ್ಣ ಆಜ್ಞೆ ಬಂತು. ಅದು ಶುರುವಿನ ಕಲ್ಲನ್ನು ಮುಟ್ಟುವುದಿಲ್ಲ, ಕೊನೆಯ ಕಲ್ಲನ್ನು ಮಾತ್ರ ಸರಿಸುತ್ತದೆ. ಉಬುಂಟು ಸಂಸ್ಥೆಯವರು ಬಾಡಿಗೆ ಸರ್ವರಿಗೆಂದು ಕೊಡುವ ಅಚ್ಚಿನಲ್ಲಿ ರೂಟಿಗೆ ನಂಬರ್ ಒಂದು, ಆದರೆ ಜಾಗ ಡಿಸ್ಕಿನ ಕೊನೆಯಲ್ಲಿ. 14, 15 ಎಂಬ ನಂಬರಿನ ಸಣ್ಣ ಪಾಲುಗಳು ಅದಕ್ಕಿಂತ ಮುಂದೆ. ಮೊದಲ ಸಲ ನೋಡಿದಾಗ ತಲೆಕೆಟ್ಟ ವ್ಯವಸ್ಥೆ ಅನ್ನಿಸುತ್ತದೆ. ಬರ್ಕ್ಲಿಯ ಎ ಮತ್ತು ಬಿ ನೆನಪಾದರೆ ಅರ್ಥವಾಗುತ್ತದೆ: ರೂಟಿನ ಮುಂದೆ ಯಾರೂ ಮನೆ ಕಟ್ಟದಿರಲಿ ಎಂದು ಅದನ್ನು ಊರ ಕೊನೆಯಲ್ಲಿ ಇಟ್ಟಿದ್ದಾರೆ.

ನಮ್ಮ ಸರ್ವರಿನಲ್ಲಿ ಜಾಗ ತಿಂದದ್ದು ಕನ್ನಡವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಗುಂಪಿನಲ್ಲಿ ಒಬ್ಬರು ಹಾಗೆ ವಾದಿಸಿದ್ದರು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು ಎಂಬುದು ನಿಜ. ಗುಂಡ್ಲುಪೇಟೆ ಎಂದು ಬರೆದರೆ 11 ಸಂಕೇತ, 33 ಬೈಟ್. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 9 ಬೈಟ್. ಈ ಯುಟಿಎಫ್-8ನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಅದೇ ಕೆನ್ ಥಾಂಪ್ಸನ್, ಅದೂ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ. ಅರ್ಧ ಮೆಗಾಬೈಟಿನಲ್ಲಿ ಸಂಸಾರ ಮಾಡಿದ ಮನುಷ್ಯ ನಮ್ಮ ಅಕ್ಷರಕ್ಕೆ ಮೂರು ಬೈಟ್ ಕೊಟ್ಟರು. ಆದರೂ ನಮ್ಮ ಬರಹಗಳೆಲ್ಲ ಸೇರಿ ಕೆಲವು ಮೆಗಾಬೈಟ್ ದಾಟಿರಲಿಲ್ಲ. ತಿಂದದ್ದು ಫೋಟೊ, ಧ್ವನಿ, ಜೊತೆಗೆ ಯಾರೂ ಓದದ ಲಾಗ್ ಕಡತಗಳು.

ಆದ್ದರಿಂದ ಹಿಗ್ಗಿಸುವ ಮೊದಲು ತೂಗಿ ನೋಡಿದೆವು. ಡಿಎಫ್ ಒಟ್ಟು ಲೆಕ್ಕ ಕೊಟ್ಟರೆ ಡಿಯು ಯಾವ ಕೋಣೆಯಲ್ಲಿ ಎಷ್ಟು ಎಂದು ಹೇಳುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ, ಅಳಿಸಿದ ಕಡತವನ್ನು ಯಾವುದೋ ಕಾರ್ಯಕ್ರಮ ಇನ್ನೂ ತೆರೆದಿಟ್ಟುಕೊಂಡಿರಬಹುದು. ಆ ಕಾರ್ಯಕ್ರಮ ನಿಲ್ಲುವವರೆಗೆ ಜಾಗ ವಾಪಸು ಬರದು. ಲಾಗ್ ಸವರಿದ ಮೇಲೂ ಜಾಗ ಸಾಲಲಿಲ್ಲ. ಆಗ ಕ್ರಮವಾಗಿ ಹೋದೆವು. ಧ್ವನಿಮುದ್ರಣಗಳ ಒಂದು ಪ್ರತಿ ಚಾಮರಾಜನಗರದಲ್ಲಿರುವ ಹಾರ್ಡ್ ಡಿಸ್ಕಿಗೆ, ಇನ್ನೊಂದು ಗುಂಡ್ಲುಪೇಟೆಯದಕ್ಕೆ. ಎರಡರಿಂದಲೂ ಕೆಲವು ಕಡತ ತೆರೆದು ಕೇಳಿದೆವು, ಕಳೆದುಹೋದವರ ದನಿ ಸರಿಯಾಗಿ ಕೇಳಿಸಿತು. ಆಮೇಲೆ ಸರ್ವರಿನ ಇಡೀ ಡಿಸ್ಕಿನ ಸ್ನ್ಯಾಪ್‌ಶಾಟ್. ನಂತರ ಬಾಡಿಗೆ ಕೊಟ್ಟವರ ಪುಟದಲ್ಲಿ ಡಿಸ್ಕನ್ನು 20 ಗಿಗಾಬೈಟಿನಿಂದ 40ಕ್ಕೆ ಏರಿಸಿ, ಗ್ರೋಪಾರ್ಟ್‌ನಿಂದ ಕಲ್ಲು ಸರಿಸಿ, ರೀಸೈಜ್2ಎಫ್‌ಎಸ್‌ನಿಂದ ಉತ್ತದ್ದು. ಕೊನೆಯ ಎರಡು ಆಜ್ಞೆಗೆ ಒಂದು ನಿಮಿಷವೂ ಹಿಡಿಯಲಿಲ್ಲ, ಪ್ರತಿ ಮಾಡಿ ಕೇಳಿ ನೋಡಲು ಎರಡು ಸಂಜೆ ಹಿಡಿಯಿತು.

ಈ ಕ್ರಮ ಬೆಳೆಯುವಾಗ ಹೊರಗಿನಿಂದ ಒಳಕ್ಕೆ: ಮೊದಲು ಡಿಸ್ಕು, ಆಮೇಲೆ ಪಾಲು, ಕೊನೆಗೆ ಕಡತ ವ್ಯವಸ್ಥೆ. ಕುಗ್ಗಿಸುವಾಗ ತಿರುಗಾಮುರುಗಾ. ಕಲ್ಲನ್ನು ಮೊದಲು ಒಳಕ್ಕೆ ತಂದುಬಿಟ್ಟರೆ ಅಂಚಿನಲ್ಲಿದ್ದ ಬೆಳೆ ಆಚೆಯವರ ಪಾಲಾಗುತ್ತದೆ. ಎಕ್ಸ್ಟ್4 ಓಡುತ್ತಿರುವಾಗ ಹಿಗ್ಗುತ್ತದೆ, ಆದರೆ ಕುಗ್ಗಿಸಲು ಬಿಚ್ಚಲೇಬೇಕು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಿಂದ ಬಂದು 2014ರಲ್ಲಿ ರೆಡ್ ಹ್ಯಾಟ್ 7ರ ಮೂಲ ವ್ಯವಸ್ಥೆಯಾದ ಎಕ್ಸ್‌ಎಫ್‌ಎಸ್ ಹಿಗ್ಗುವುದಕ್ಕೇ ಹುಟ್ಟಿದ್ದು, ಅದನ್ನು ಕುಗ್ಗಿಸಲು ಹೊರಟರೆ ಮತ್ತೆ ಹಳೆಯ ದಾರಿಯೇ: ಪ್ರತಿ ಇಳಿಸು, ಕೆಡವು, ಹೊಸದಾಗಿ ಕಟ್ಟು, ತುಂಬು. ಬಾಡಿಗೆ ಡಿಸ್ಕೂ ಹಾಗೆಯೇ. ದೊಡ್ಡದು ಮಾಡಲು ಗುಂಡಿ ಇದೆ, ಚಿಕ್ಕದು ಮಾಡಲು ಇಲ್ಲ. ನಮ್ಮ 40 ಗಿಗಾಬೈಟಿನಲ್ಲಿ ಈಗ 17 ತುಂಬಿದೆ, ತಿಂಗಳ ಬಾಡಿಗೆ ಪೂರ್ತಿ 40ಕ್ಕೆ ಕಟ್ಟುತ್ತಿದ್ದೇವೆ.